ಎಣ್ಣೆ ಇನ್ನೆಷ್ಟು ವರ್ಷ? ಒಬ್ಬ ಮೇಷ್ಟ್ರ ಪತ್ರಕ್ಕೆ ಉತ್ತರ

ಚಿತ್ರದುರ್ಗ ಜಿಲ್ಲೆಯ ನಿವೃತ್ತ ಭೂಗೋಳ ಶಿಕ್ಷಕರೊಬ್ಬರು ಬರೆದ ಪತ್ರದ ಸಾರ ಇದು: "1981ರಲ್ಲಿ ಎಂಟನೇ ತರಗತಿಗೆ ‘ಲೋಕದ ಪೆಟ್ರೋಲಿಯಂ ಇನ್ನು ಮೂವತ್ತು ವರ್ಷಕ್ಕೆ ಮುಗಿಯುತ್ತದೆ’ ಎಂದು ಪಾಠ ಮಾಡಿದ್ದೆ. ಮೂವತ್ತು ಹೋಗಿ ನಲವತ್ತೂ ದಾಟಿತು. ಈಗ ಮೊಮ್ಮಗಳ ಪುಸ್ತಕದಲ್ಲಿ ‘ಇನ್ನು ಐವತ್ತು ವರ್ಷ’ ಎಂದಿದೆ. ನಾನು ಮಕ್ಕಳಿಗೆ ಸುಳ್ಳು ಹೇಳಿದೆನೇ? ಉಡುಪಿ ಕಡೆಯ ಪಾದೂರಿನಲ್ಲಿ ಆಪತ್ತಿಗೆಂದು ಬಂಡೆಯೊಳಗೆ ಇಟ್ಟಿರುವ ಎಣ್ಣೆ ಎಷ್ಟು ದಿನಕ್ಕೆ ಸಾಕು? ನಮ್ಮ ಕಡೆ ಸಾವಿರ ಅಡಿ ಬೋರ್ ಕೊರೆಸುತ್ತಾರೆ, ಎಲ್ಲೂ ಎಣ್ಣೆ ಯಾಕೆ ಬರಲಿಲ್ಲ? ಮೊಮ್ಮಗಳು ಕೇಳಿದರೆ ಏನು ಹೇಳಲಿ?"

ಮೇಷ್ಟ್ರೇ, ನೀವು ಸುಳ್ಳು ಹೇಳಲಿಲ್ಲ. ನಿಮ್ಮ ಲೆಕ್ಕ ಸರಿಯಾಗಿಯೇ ಇತ್ತು. ಆ ಲೆಕ್ಕದಿಂದ ಎಣ್ಣೆ ಮುಗಿಯುವ ದಿನ ಗೊತ್ತಾಗುತ್ತದೆ ಎಂದು ಪುಸ್ತಕ ನಂಬಿಸಿದ್ದೇ ತಪ್ಪು.

ಅಂಕಿಗಳನ್ನೇ ನೋಡೋಣ. 1980ರಲ್ಲಿ ಲೋಕದ ಖಚಿತ ನಿಕ್ಷೇಪ ಸುಮಾರು 68 ಸಾವಿರ ಕೋಟಿ ಬ್ಯಾರೆಲ್ ಎಂದು ಲೆಕ್ಕ ಹಾಕಿದ್ದರು. ಒಂದು ಬ್ಯಾರೆಲ್ ಅಂದರೆ 159 ಲೀಟರ್. ಆ ವರ್ಷ ದಿನಕ್ಕೆ ಸುಮಾರು 6.3 ಕೋಟಿ ಬ್ಯಾರೆಲ್, ಅಂದರೆ ವರ್ಷಕ್ಕೆ 2,300 ಕೋಟಿ ಬ್ಯಾರೆಲ್ ತೆಗೆಯುತ್ತಿದ್ದರು. ಭಾಗಿಸಿದರೆ ಮೂವತ್ತಕ್ಕೆ ಚೂರು ಕಡಿಮೆ. ನಿಮ್ಮ ಪುಸ್ತಕದ ಮೂವತ್ತು ವರ್ಷ ಹುಟ್ಟಿದ್ದು ಇಲ್ಲಿ. ಆಮೇಲಿನ ನಲವತ್ತು ವರ್ಷದಲ್ಲಿ ಲೋಕ ತೆಗೆದು ಸುಟ್ಟ ಎಣ್ಣೆ ಒಂದು ಲಕ್ಷ ಕೋಟಿ ಬ್ಯಾರೆಲ್‌ಗೂ ಹೆಚ್ಚು. 1980ರಲ್ಲಿ ‘ಇರುವುದೇ ಇಷ್ಟು’ ಎಂದ ಮೊತ್ತಕ್ಕಿಂತ ಹೆಚ್ಚು ತೆಗೆದ ಮೇಲೂ 2020ರ ಹೊತ್ತಿಗೆ ಪಟ್ಟಿಯಲ್ಲಿ ಉಳಿದದ್ದು 1.7 ಲಕ್ಷ ಕೋಟಿ ಬ್ಯಾರೆಲ್. ಅದನ್ನು ಆ ವರ್ಷದ ಉತ್ಪಾದನೆಯಿಂದ ಭಾಗಿಸಿದಾಗ ಐವತ್ಮೂರು ಚಿಲ್ಲರೆ ವರ್ಷ ಬಂತು. ಮೊಮ್ಮಗಳ ಪುಸ್ತಕದ ಐವತ್ತರ ಮೂಲ ಇಂಥದೇ ಭಾಗಾಕಾರ. ಅದು ಕೋವಿಡ್ ವರ್ಷ, ಉತ್ಪಾದನೆ ತಗ್ಗಿತ್ತು, ಹಾಗಾಗಿ ಉತ್ತರ ಇನ್ನಷ್ಟು ಉಬ್ಬಿತು ಎಂಬುದನ್ನೂ ಅವಳಿಗೆ ಹೇಳಿ.

ನಿಕ್ಷೇಪ ಎಂಬ ಮಾತಿಗೆ ಎಣ್ಣೆ ತೆಗೆಯುವ ವೃತ್ತಿಯಲ್ಲಿ ಬಿಗಿಯಾದ ಅರ್ಥವಿದೆ. ನೆಲದಡಿ ಇರುವುದೆಲ್ಲ ನಿಕ್ಷೇಪವಲ್ಲ. ಇವತ್ತಿನ ದರಕ್ಕೆ, ಇವತ್ತಿನ ತಂತ್ರದಿಂದ, ಗಿಟ್ಟುವ ಹಾಗೆ ತೆಗೆಯಬಹುದಾದದ್ದು ಮಾತ್ರ ನಿಕ್ಷೇಪ. ಅಷ್ಟು ಎಣ್ಣೆ ಸಿಕ್ಕೇ ಸಿಗುತ್ತದೆ ಎಂಬುದಕ್ಕೆ ನೂರಕ್ಕೆ ತೊಂಬತ್ತು ಪಾಲು ಸಾಧ್ಯತೆ ಇದ್ದರೆ ‘ಖಚಿತ’, ಐವತ್ತು ಪಾಲು ಇದ್ದರೆ ಅದು ಖಚಿತದ ಜತೆ ‘ಸಂಭವನೀಯ’ವನ್ನೂ ಸೇರಿಸಿದ ಅಂಕಿ. ದರ ಏರಿದರೆ ನಿನ್ನೆ ಲೆಕ್ಕಕ್ಕಿಲ್ಲದ ಎಣ್ಣೆ ಇವತ್ತು ನಿಕ್ಷೇಪವಾಗುತ್ತದೆ. ದರ ಕುಸಿದರೆ ಪಟ್ಟಿಯಿಂದ ಹೊರಬೀಳುತ್ತದೆ.

ಪಟ್ಟಿಯನ್ನು ಬರೆಯುವವರು ಯಾರು ಎಂಬುದೂ ಮುಖ್ಯ. 1980ರ ದಶಕದಲ್ಲಿ ಎಣ್ಣೆ ರಫ್ತುದಾರರ ಕೂಟವಾದ ಒಪೆಕ್‌ನ ದೇಶಗಳು ಯಾರು ಎಷ್ಟು ಉತ್ಪಾದಿಸಬೇಕೆಂದು ಪಾಲು ಹಂಚಿಕೊಳ್ಳುತ್ತಿದ್ದವು. ಆ ಚೌಕಾಸಿ ನಡೆದಿದ್ದ ವರ್ಷಗಳಲ್ಲೇ ಕುವೈತ್, ಯುಎಇ, ಇರಾಕ್, ಇರಾನ್, ವೆನೆಜುವೆಲಾ, ಸೌದಿ ಅರೇಬಿಯಾ ಒಂದರ ಹಿಂದೆ ಒಂದು ತಮ್ಮ ನಿಕ್ಷೇಪದ ಅಂಕಿ ಏರಿಸಿದವು. ಸೌದಿಯದು 17 ಸಾವಿರ ಕೋಟಿ ಬ್ಯಾರೆಲ್‌ನಿಂದ 25 ಸಾವಿರ ಕೋಟಿಗೆ ಹೋಯಿತು. ಅದಕ್ಕೆ ಸರಿದೂಗುವ ಹೊಸ ಶೋಧ ಆ ವರ್ಷಗಳಲ್ಲಿ ಆಗಿರಲಿಲ್ಲ. ಈಗ ಪಟ್ಟಿಯ ಮೊದಲ ಸ್ಥಾನದಲ್ಲಿರುವುದು ವೆನೆಜುವೆಲಾ, 30 ಸಾವಿರ ಕೋಟಿ ಬ್ಯಾರೆಲ್. ಬಹುಪಾಲು ಒರಿನೊಕೊ ಕಣಿವೆಯ ಡಾಂಬರಿನಂಥ ಎಣ್ಣೆ. ನಾಫ್ತಾ ಎಂಬ ತೆಳು ಎಣ್ಣೆ ಬೆರೆಸಿ ಸಡಿಲ ಮಾಡದಿದ್ದರೆ ಪೈಪಿನಲ್ಲಿ ಅಲುಗುವುದಿಲ್ಲ. 1990ರ ದಶಕದ ಕೊನೆಗೆ ದಿನಕ್ಕೆ 30 ಲಕ್ಷ ಬ್ಯಾರೆಲ್‌ಗೂ ಮಿಕ್ಕಿ ತೆಗೆಯುತ್ತಿದ್ದ ಆ ದೇಶ ಈಚಿನ ವರ್ಷಗಳಲ್ಲಿ ಹತ್ತು ಲಕ್ಷ ಮುಟ್ಟಲೂ ತಿಣುಕಿದೆ. ಕಣಜ ದೊಡ್ಡದು, ಅಳೆದು ಕೊಡುವ ಸೇರು ಚಿಕ್ಕದು. ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಆ ಸೇರಿನದು: ದಿನಕ್ಕೆ ಎಷ್ಟು ಬರುತ್ತದೆ, ಅದನ್ನು ಇಳಿಯದಂತೆ ಹಿಡಿದಿಡಲು ಎಷ್ಟು ದುಡಿಯಬೇಕು?

ಅದು ಅರ್ಥವಾಗಲು ಎಣ್ಣೆ ನೆಲದಡಿ ಹೇಗಿರುತ್ತದೆ ಎಂಬುದು ಕಣ್ಣಿಗೆ ಕಟ್ಟಬೇಕು. ಕೆರೆಯ ಹಾಗೆ ನಿಂತಿರುತ್ತದೆ ಎಂಬ ಚಿತ್ರ ಬಿಡಿ. ಮರಳುಗಲ್ಲಿನ ಕಣಕಣದ ನಡುವೆ, ಸುಣ್ಣಕಲ್ಲಿನ ಸೂಜಿಮೊನೆಯಷ್ಟು ರಂಧ್ರಗಳಲ್ಲಿ, ಉಪ್ಪುನೀರು ಮತ್ತು ಗ್ಯಾಸಿನ ಜತೆ ಒತ್ತಡದಲ್ಲಿ ಸಿಲುಕಿರುತ್ತದೆ. ಬಾವಿ ಕೊರೆದಾಗ ಮೊದಲು ಆ ಒತ್ತಡವೇ ಎಣ್ಣೆಯನ್ನು ಮೇಲೆ ತಳ್ಳುತ್ತದೆ. ಒತ್ತಡ ಇಳಿದಂತೆ ಹರಿವೂ ಇಳಿಯುತ್ತದೆ. ಆಗ ಅಂಚಿನ ಬಾವಿಗಳಿಂದ ನೀರನ್ನು ಒಳಕ್ಕೆ ತುಂಬಿ ಎಣ್ಣೆಯನ್ನು ನಡುವಿನ ಬಾವಿಗಳತ್ತ ದೂಡುತ್ತಾರೆ. ಇಷ್ಟೆಲ್ಲ ಮಾಡಿದರೂ ಲೋಕದ ಸರಾಸರಿಯಲ್ಲಿ ಮೇಲೆ ಬರುವುದು ಶಿಲೆಯಲ್ಲಿದ್ದ ಎಣ್ಣೆಯ ಮೂರನೇ ಒಂದು ಪಾಲು. ಮಿಕ್ಕಿದ್ದು ಕಲ್ಲಿಗೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ.

ಈ ಪಾಲನ್ನು ಹಿಗ್ಗಿಸುವುದೇ ದೊಡ್ಡ ಕಸುಬು. ನಾರ್ವೆಯ ಸಮುದ್ರದಲ್ಲಿರುವ ಎಕೊಫಿಸ್ಕ್ ಎಣ್ಣೆ ಕ್ಷೇತ್ರ 1969ರಲ್ಲಿ ಸಿಕ್ಕಾಗ ನೂರಕ್ಕೆ ಹದಿನೇಳು ಹದಿನೆಂಟು ಪಾಲು ಬಂದೀತು ಎಂದಿದ್ದರು. ಅದು ಸೀಮೆಸುಣ್ಣದ ಶಿಲೆ. ಎಣ್ಣೆ ತೆಗೆದಂತೆ ಕಲ್ಲು ಕುಗ್ಗಿ ಸಮುದ್ರದ ತಳವೇ ಮೀಟರುಗಟ್ಟಲೆ ಕುಸಿಯಿತು. 1987ರಲ್ಲಿ ಅಲ್ಲಿನ ಉಕ್ಕಿನ ಪ್ಲಾಟ್‌ಫಾರ್ಮುಗಳನ್ನು ಜಾಕ್ ಕೊಟ್ಟು ಆರು ಮೀಟರ್ ಮೇಲೆತ್ತಬೇಕಾಯಿತು. ಅದೇ ವರ್ಷ ದೊಡ್ಡ ಪ್ರಮಾಣದಲ್ಲಿ ನೀರು ತುಂಬಲು ಶುರು ಮಾಡಿದರು. ಈಗ ಅಲ್ಲಿ ಅರ್ಧದಷ್ಟು ಎಣ್ಣೆ ಸಿಗುವ ಅಂದಾಜಿದೆ. ಹೊಸ ಬಾವಿಗಳನ್ನು ಕೊರೆದದ್ದೂ ಕಾರಣ, ಆದರೆ ಅದೇ ಹಳೆಯ ಶಿಲೆಯಿಂದಲೇ ನಿಕ್ಷೇಪ ‘ಬೆಳೆಯಿತು’.

ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ರಾಜಸ್ಥಾನದ ಬಾಡಮೇರ್‌ನಲ್ಲಿರುವ ಮಂಗಳಾ ಎಣ್ಣೆ ಕ್ಷೇತ್ರ. 2004ರಲ್ಲಿ ಸಿಕ್ಕಿ 2009ರ ಆಗಸ್ಟ್‌ನಲ್ಲಿ ಉತ್ಪಾದನೆ ಶುರುವಾಯಿತು. ಆ ಎಣ್ಣೆಯ ತುಂಬ ಮೇಣ. ನಲವತ್ತು ಡಿಗ್ರಿ ಆಸುಪಾಸಿಗೆ ಇಳಿದರೆ ಚಳಿಗಾಲದ ಕೊಬ್ಬರಿ ಎಣ್ಣೆಯಂತೆ ಗಟ್ಟಿಯಾಗುತ್ತದೆ. ಅದಕ್ಕೇ ಒಳಕ್ಕೆ ತುಂಬುವುದೂ ಬಿಸಿನೀರು. ಗುಜರಾತಿನ ಕರಾವಳಿವರೆಗೆ ಸುಮಾರು 670 ಕಿಲೋಮೀಟರ್ ಪೈಪನ್ನು ವಿದ್ಯುತ್ತಿನಿಂದ ಬಿಸಿ ಮಾಡುತ್ತ 65 ಡಿಗ್ರಿಯಲ್ಲಿಡಬೇಕು. ದಾರಿಯಲ್ಲಿ ತಣ್ಣಗಾದರೆ ಪೈಪಿನುದ್ದಕ್ಕೂ ಮೇಣದ ಕಂಬ.

ಅಲ್ಲಿನ ಇನ್ನೊಂದು ತೊಡಕು, ಎಣ್ಣೆ ನೀರಿಗಿಂತ ಬಹಳ ಮಂದ. ಮಂದ ದ್ರವವನ್ನು ತೆಳು ದ್ರವದಿಂದ ದೂಡಿದರೆ ತೆಳುವಾದದ್ದು ಬೆರಳು ಬೆರಳಾಗಿ ನುಗ್ಗಿ ಬಾವಿಯನ್ನು ಮೊದಲೇ ಮುಟ್ಟುತ್ತದೆ. ಎಣ್ಣೆ ಹಿಂದೆ ಉಳಿಯುತ್ತದೆ, ಬಾವಿಯಲ್ಲಿ ಬರೀ ನೀರು. ಆದ್ದರಿಂದ ನೀರಿಗೆ ಪಾಲಿಮರ್ ಪುಡಿ ಕಲಸಿ ಗಂಜಿಯ ಹದಕ್ಕೆ ತಂದು ತುಂಬುತ್ತಾರೆ. ಕಲಸುವುದು ಸಲೀಸಲ್ಲ. ಗಂಟು ಉಳಿದರೆ ಬಾವಿಯ ಬಾಯಿ ಕಟ್ಟುತ್ತದೆ. ಜೋರಾಗಿ ಪಂಪ್ ಮಾಡಿದರೆ ಪಾಲಿಮರ್‌ನ ಉದ್ದನೆಯ ಸರಪಳಿ ಹರಿದು ಮತ್ತೆ ನೀರಿನಷ್ಟೇ ತೆಳುವಾಗುತ್ತದೆ. ಇಷ್ಟು ಪರಿಶ್ರಮದ ನಂತರವೂ ಒಂದು ಕಾಲಕ್ಕೆ ದಿನಕ್ಕೆ ಎರಡು ಲಕ್ಷ ಬ್ಯಾರೆಲ್ ಸಮೀಪ ಕೊಟ್ಟ ಆ ಪ್ರದೇಶ ಈಗ ಅರ್ಧಕ್ಕಿಂತ ಕೆಳಗಿದೆ. ಕೆಲಸದಲ್ಲಿ ಲೋಪವಾಯಿತೆಂದಲ್ಲ, ಎಣ್ಣೆಯ ಕ್ಷೇತ್ರಕ್ಕೆ ವಯಸ್ಸಾಗುವುದು ಹೀಗೆಯೇ.

ಅವಸರ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಮೆಕ್ಸಿಕೋದ ಕಾಂತರೆಲ್ ನೋಡಿ. ಸಮುದ್ರದ ಮೇಲೆ ಎಣ್ಣೆಯ ಪೊರೆ ಕಂಡ ಒಬ್ಬ ಮೀನುಗಾರನ ಹೆಸರನ್ನೇ ಆ ಕ್ಷೇತ್ರಕ್ಕೆ ಇಟ್ಟರು. 2000ದಲ್ಲಿ ನೈಟ್ರೋಜನ್ ತುಂಬಿ ಒತ್ತಡ ಹೆಚ್ಚಿಸಿದರು. 2004ರಲ್ಲಿ ದಿನಕ್ಕೆ 21 ಲಕ್ಷ ಬ್ಯಾರೆಲ್ ಬಂತು. ಆದರೆ ಮೇಲಿನ ಗ್ಯಾಸಿನ ಪದರ ಕೆಳಗಿಳಿಯುತ್ತ, ಕೆಳಗಿನ ನೀರು ಮೇಲೇರುತ್ತ, ನಡುವಿನ ಎಣ್ಣೆಯ ಪಟ್ಟಿ ತೆಳುವಾಯಿತು. 2009ರ ಹೊತ್ತಿಗೆ ಉತ್ಪಾದನೆ ಮೂರನೇ ಒಂದು ಪಾಲಿಗೆ ಬಿತ್ತು.

ಅಮೆರಿಕದ ಷೇಲ್ ಎಣ್ಣೆಯ, ಅಂದರೆ ಬಿಗಿಯಾದ ಜೇಡಿಗಲ್ಲಿನಲ್ಲಿ ಸಿಲುಕಿದ ಎಣ್ಣೆಯ ಕಥೆ ಬೇರೆ. ಭೂವಿಜ್ಞಾನಿ ಕಿಂಗ್ ಹಬರ್ಟ್ 1956ರಲ್ಲೇ ಅಮೆರಿಕದ ಉತ್ಪಾದನೆ 1970ರ ಸುಮಾರಿಗೆ ಶಿಖರ ಮುಟ್ಟಿ ಇಳಿಯುತ್ತದೆ ಎಂದಿದ್ದರು. ಹಾಗೇ ಆಯಿತು: 1970ರಲ್ಲಿ ದಿನಕ್ಕೆ 96 ಲಕ್ಷ ಬ್ಯಾರೆಲ್, 2008ರಲ್ಲಿ 50 ಲಕ್ಷ. ಆಮೇಲೆ ಬಾವಿಯನ್ನು ಆಳದಲ್ಲಿ ಅಡ್ಡಕ್ಕೆ ತಿರುಗಿಸಿ, ಎರಡು ಮೂರು ಕಿಲೋಮೀಟರ್ ಮಲಗಿಸಿ, ನೀರು ಮರಳನ್ನು ಭಾರೀ ಒತ್ತಡದಲ್ಲಿ ನುಗ್ಗಿಸಿ ಕಲ್ಲನ್ನು ಸೀಳುವ ತಂತ್ರ ಕೈಗೂಡಿತು. 2024ರಲ್ಲಿ ಅದೇ ದೇಶ ದಿನಕ್ಕೆ 1.3 ಕೋಟಿ ಬ್ಯಾರೆಲ್ ದಾಟಿತು. ಹಬರ್ಟ್ ಸೋತರು ಎಂದು ಕೆಲವರು ಬರೆಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅವರು ಲೆಕ್ಕ ಹಾಕಿದ್ದು ಆಗ ಗೊತ್ತಿದ್ದ ಬಗೆಯ ಎಣ್ಣೆಯದು, ಆ ಬಗೆಯ ಎಣ್ಣೆ ಅವರು ಹೇಳಿದಂತೆಯೇ ಇಳಿಯಿತು. ಹೊಸ ಬಗೆಯ ಬಾವಿಯಾದರೂ ಮೊದಲ ವರ್ಷದಲ್ಲೇ ಮೂರನೇ ಎರಡು ಪಾಲು ಹರಿವು ಕಳೆದುಕೊಳ್ಳುತ್ತದೆ. ಇದ್ದಷ್ಟೇ ಉತ್ಪಾದನೆ ಉಳಿಸಿಕೊಳ್ಳಲೂ ಕೊರೆಯುತ್ತಲೇ ಇರಬೇಕು.

ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2025ರಲ್ಲಿ ಹೇಳಿದ ಒಂದು ಮಾತು ನಿಮ್ಮ ಪ್ರಶ್ನೆಗೆ ನೇರ ಉತ್ತರ. ಎಣ್ಣೆ ಕ್ಷೇತ್ರಗಳಿಗೆ ಹೊಸ ಬಂಡವಾಳ ಪೂರ್ತಿ ನಿಂತರೆ ಲೋಕದ ಉತ್ಪಾದನೆ ವರ್ಷಕ್ಕೆ ನೂರಕ್ಕೆ ಎಂಟರಂತೆ, ಅಂದರೆ ಪ್ರತಿ ವರ್ಷ ದಿನಕ್ಕೆ 55 ಲಕ್ಷ ಬ್ಯಾರೆಲ್‌ನಷ್ಟು ಇಳಿಯುತ್ತದೆ. ಭಾರತ ದಿನಕ್ಕೆ ಬಳಸುವುದೂ ಹೆಚ್ಚುಕಡಿಮೆ ಅಷ್ಟೇ. ನಲ್ಲಿ ಒಂದು ದಿನ ಒಣಗಿ ನಿಲ್ಲುವುದಿಲ್ಲ. ಹರಿವನ್ನು ಹಿಡಿದಿಡುವ ಖರ್ಚು ಏರುತ್ತ ಹೋಗುತ್ತದೆ, ಅದರ ಬಿಸಿ ಮೊದಲು ತಟ್ಟುವುದು ಕೊಂಡು ತರುವವರಿಗೆ.

ನಾವು ಕೊಂಡು ತರುವವರು. ಮುಂಬೈ ಹೈ 1974ರಲ್ಲಿ ಸಿಕ್ಕಿತು, 1976ರಲ್ಲಿ ಎಣ್ಣೆ ಕೊಟ್ಟಿತು, 1980ರ ದಶಕದಲ್ಲಿ ಉತ್ತುಂಗ ಕಂಡಿತು. ಈಗಲೂ ದೇಶದ ದೊಡ್ಡ ಕ್ಷೇತ್ರ ಅದೇ, ಉತ್ಪಾದನೆ ಮಾತ್ರ ಅಂದಿನ ಮೂರನೇ ಒಂದರ ಸುತ್ತಮುತ್ತ. ದೇಶದ ಒಟ್ಟು ಕಚ್ಚಾ ತೈಲ ವರ್ಷಕ್ಕೆ 2.9 ಕೋಟಿ ಟನ್ನಿನ ಆಸುಪಾಸಿನಲ್ಲಿದೆ. ಆಮದು 23 ಕೋಟಿ ಟನ್ ದಾಟಿದೆ.

ಇನ್ನು ಪಾದೂರು. ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ, ಒಟ್ಟು 53.3 ಲಕ್ಷ ಟನ್ ಹಿಡಿಸುವ ಜಾಗ ನೆಲದಡಿ ಇದೆ. ಸರ್ಕಾರಿ ಲೆಕ್ಕ ಒಂಬತ್ತೂವರೆ ದಿನ ಎನ್ನುತ್ತದೆ, ಅದು 2019-20ರ ಬಳಕೆಯ ಆಧಾರದ್ದು. ಬಳಕೆ ಅಲ್ಲಿಂದ ಏರಿದೆ. ಇಂದಿನ ಲೆಕ್ಕದಲ್ಲಿ ಎಲ್ಲವೂ ತುಂಬಿದ್ದರೆ ಏಳೆಂಟು ದಿನ, ಪಾದೂರೊಂದೇ ಆದರೆ ನಾಲ್ಕು ದಿನಕ್ಕೂ ಕಡಿಮೆ. ತೈಲ ಕಂಪನಿಗಳ ಟ್ಯಾಂಕುಗಳಲ್ಲಿ ಇನ್ನೂ ಅರವತ್ತು ಚಿಲ್ಲರೆ ದಿನದ ದಾಸ್ತಾನಿಗೆ ಜಾಗವಿದೆ. ಪಾದೂರಿನಲ್ಲಿ ಇನ್ನೊಂದು 25 ಲಕ್ಷ ಟನ್, ಒಡಿಶಾದ ಚಂಡಿಖೋಲ್‌ನಲ್ಲಿ 40 ಲಕ್ಷ ಟನ್ ಸೇರಿಸಲು ಒಪ್ಪಿಗೆ ಸಿಕ್ಕು ವರ್ಷಗಳಾದವು. ಪರ್ಷಿಯನ್ ಕೊಲ್ಲಿಯ ಬಾಯಿಯಾದ ಹಾರ್ಮುಜ್ ಜಲಸಂಧಿಯಲ್ಲಿ 2024ರಲ್ಲಿ ದಿನಕ್ಕೆ ಎರಡು ಕೋಟಿ ಬ್ಯಾರೆಲ್ ಎಣ್ಣೆ ಸಾಗಿದ ಲೋಕದಲ್ಲಿ ಈ ಕೆಲಸ ತಡವಾಗಬಾರದಿತ್ತು ಎಂಬುದು ನನ್ನ ಅಭಿಪ್ರಾಯ.

ಪಾದೂರಿನ ಗುಹೆಗೆ ಉಕ್ಕಿನ ತಗಡಿಲ್ಲ, ಕಾಂಕ್ರೀಟಿನ ತೊಟ್ಟಿಯಿಲ್ಲ. ಹತ್ತು ಮಹಡಿಯಷ್ಟು ಎತ್ತರದ ಬಂಡೆಯ ಪೊಳ್ಳು, ಅಷ್ಟೇ. ಎಣ್ಣೆ ಸೋರದಂತೆ ತಡೆಯುವುದು ಅಂತರ್ಜಲ. ಗುಹೆಯ ನೆತ್ತಿಯ ಮೇಲೆ ಸಣ್ಣ ಸುರಂಗ ತೋಡಿ, ಅದರಿಂದ ಸಾಲಾಗಿ ರಂಧ್ರ ಕೊರೆದು, ಸದಾ ನೀರು ತುಂಬಿರುವಂತೆ ನೋಡಿಕೊಳ್ಳುತ್ತಾರೆ. ಬಂಡೆಯ ಬಿರುಕಿನಲ್ಲಿರುವ ನೀರಿನ ಒತ್ತಡ ಒಳಗಿನ ಎಣ್ಣೆಯ ಒತ್ತಡಕ್ಕಿಂತ ಹೆಚ್ಚು. ಹಾಗಾಗಿ ಎಣ್ಣೆ ಹೊರಹೋಗದೆ ನೀರೇ ಒಳಕ್ಕೆ ಜಿನುಗುತ್ತದೆ. ಎಣ್ಣೆಗಿಂತ ಭಾರವಾದ್ದರಿಂದ ತಳಕ್ಕಿಳಿದು ಗುಂಡಿಯಲ್ಲಿ ಸೇರುತ್ತದೆ, ಪಂಪ್ ಅದನ್ನು ಎತ್ತಿ ಶುದ್ಧೀಕರಣಕ್ಕೆ ಕಳಿಸುತ್ತದೆ. ಮೇಲಿನ ನೀರಿನ ಮಟ್ಟ ಇಳಿದರೆ ಇಡೀ ಏರ್ಪಾಡಿಗೇ ಅಪಾಯ.

ನಿಮ್ಮ ಬೋರ್‌ವೆಲ್ ಪ್ರಶ್ನೆಗೆ ಉತ್ತರವೂ ಅದೇ ಬಂಡೆಯಲ್ಲಿದೆ. ಎಣ್ಣೆಯಾಗಲು ಪಾಚಿ, ಜಲಜೀವಿಗಳ ಅವಶೇಷ ಬೆರೆತ ಕೆಸರು ಕಿಲೋಮೀಟರುಗಟ್ಟಲೆ ಆಳದಲ್ಲಿ ಹೂತು, 60ರಿಂದ 120 ಡಿಗ್ರಿಯ ಹದವಾದ ಶಾಖದಲ್ಲಿ ಲಕ್ಷಾಂತರ ವರ್ಷ ಬೇಯಬೇಕು. ಬಳಿಕ ಸೇರಿಕೊಳ್ಳಲು ರಂಧ್ರವಿರುವ ಕಲ್ಲು, ಮೇಲೆ ಮುಚ್ಚಳದಂಥ ಪದರ ಬೇಕು. ನಮ್ಮ ಕಾಲ ಕೆಳಗಿನ ಗ್ನೈಸ್ ಎಂಬ ಗಟ್ಟಿ ಶಿಲೆ ಮುನ್ನೂರು ಕೋಟಿ ವರ್ಷದಷ್ಟು ಹಳೆಯದು, ಇದಕ್ಕಿಂತ ಎಷ್ಟೋ ಹೆಚ್ಚು ಶಾಖದಲ್ಲಿ ಬೆಂದದ್ದು. ಅದರಲ್ಲಿ ಅವಶೇಷವೂ ಇಲ್ಲ, ರಂಧ್ರವೂ ಇಲ್ಲ. ನಿಮ್ಮ ಬೋರಿಗೆ ನೀರು ಬರುವುದು ಬಿರುಕಿನಿಂದ. ಕಲಾದಗಿ, ಭೀಮಾ ಪ್ರದೇಶದಲ್ಲಿ ಪದರಗಲ್ಲು ಇದೆ, ಈವರೆಗೆ ವ್ಯಾಪಾರಕ್ಕೆ ಸಾಲುವ ಎಣ್ಣೆ ಸಿಕ್ಕಿಲ್ಲ. ಎಣ್ಣೆಯನ್ನು ಹುಟ್ಟಿಸಲಾರದ ಆ ಗಟ್ಟಿತನವೇ ಪಾದೂರಿನಲ್ಲಿ ಎಣ್ಣೆಯನ್ನು ಕಾಯುತ್ತಿದೆ.

ಮೊಮ್ಮಗಳಿಗೆ ಹೇಳುವುದಕ್ಕಿಂತ ಮಾಡಿ ತೋರಿಸಿ. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳದ ಪಕ್ಕದಲ್ಲಿ ತೂತು ಮಾಡಿ ಸಲೈನ್ ನಳಿಕೆ ಸಿಕ್ಕಿಸಿ, ಎಂ-ಸೀಲ್ ಮೆತ್ತಿ. ಮರಳು ನುಗ್ಗದಂತೆ ಒಳಗಿನಿಂದ ತೂತಿಗೆ ಬಟ್ಟೆ ಒತ್ತಿ. ಕತ್ತಿನ ಹತ್ತಿರ ಎಣ್ಣೆ ಹೊರಬರಲು ಇನ್ನೊಂದು ತೂತು. ತೊಳೆದ ಹೊಳೆಮರಳನ್ನು ಮೇಲಿನ ತೂತಿನ ಸಮಕ್ಕೆ ಕುಟ್ಟಿ ತುಂಬಿ. ಮೊದಲು ನೀರು ಹುಯ್ದು ಕೆಳಗಿನ ನಳಿಕೆಯಿಂದ ಬಸಿದುಬಿಡಿ, ನಿಸರ್ಗದಲ್ಲೂ ಮರಳಿನ ಕಣಕ್ಕೆ ಮೊದಲು ಅಂಟಿದ್ದು ನೀರೇ. ಆಮೇಲೆ ನಳಿಕೆಯ ಚಕ್ರ ತಿರುಗಿಸಿ ಮುಚ್ಚಿ, ಕಡಲೆಕಾಯಿ ಎಣ್ಣೆಯನ್ನು ಅಳೆದು ಅಳೆದು ಮೇಲಿನಿಂದ ಹುಯ್ಯಿರಿ, ಮರಳಿನ ಮೇಲ್ಮೈಗೆ ಬಂದಾಗ ನಿಲ್ಲಿಸಿ, ಎಷ್ಟು ಹಿಡಿಯಿತೆಂದು ಬರೆದುಕೊಳ್ಳಿ. ಈಗ ನಳಿಕೆಯ ಇನ್ನೊಂದು ತುದಿಯನ್ನು ನೀರಿನ ಬಾಟಲಿಗೆ ಜೋಡಿಸಿ, ಮರಳಿನ ಮಟ್ಟಕ್ಕಿಂತ ಗೇಣು ಮೇಲೆ ಹಿಡಿದು, ಚಕ್ರ ತಿರುಗಿಸಿ ಹನಿಹನಿಯಾಗಿ ಬಿಡಿ. ಮೊದಲು ಶುದ್ಧ ಎಣ್ಣೆ ಬರುತ್ತದೆ, ಆಮೇಲೆ ಎಣ್ಣೆ ನೀರು ಕೂಡಿ, ಕೊನೆಗೆ ಬರೀ ನೀರು. ಬಂದ ಎಣ್ಣೆಯನ್ನು ಅಳೆದು, ಹಿಡಿದ ಎಣ್ಣೆಯಿಂದ ಭಾಗಿಸಲಿ. ಹೊಳೆಮರಳಿನ ಕಿಂಡಿ ದೊಡ್ಡದಾದ್ದರಿಂದ ಶಿಲೆಗಿಂತ ಹೆಚ್ಚೇ ಬಂದೀತು. ಹೊಸ ಮರಳು ತುಂಬಿ ಇನ್ನೊಮ್ಮೆ ಮಾಡುವಾಗ ನೀರಿನ ಬಾಟಲಿಯನ್ನು ಆಳೆತ್ತರಕ್ಕೆ ಎತ್ತಿ, ಚಕ್ರವನ್ನು ಪೂರ್ತಿ ಬಿಟ್ಟುಬಿಡಿ. ಎಷ್ಟು ಎಣ್ಣೆ ಬಂದ ಮೇಲೆ ಮೊದಲ ನೀರಿನ ಹನಿ ಕಂಡಿತು ಎಂಬುದನ್ನು ಎರಡೂ ಸಲ ಅವಳೇ ಬರೆದಿಡಲಿ.