ಬೆಲ್ಲ ಕರಗಿದ್ದನ್ನೂ ಬರೆಯಿರಿ

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಓದುಗರೊಬ್ಬರು ಬರೆದಿದ್ದಾರೆ: ‘ನನಗೆ 27 ವರ್ಷ. ಎರಡು ಸಲ ಪ್ರಿಲಿಮ್ಸ್‌ನಲ್ಲೇ ಹೋಯಿತು. ರಾತ್ರಿ ಹನ್ನೆರಡರ ತನಕ ಓದಿ ಬೆಳಿಗ್ಗೆ ನಾಲ್ಕೂವರೆಗೆ ಏಳಬೇಕು ಅಂತ ಶುರು ಮಾಡುತ್ತೇನೆ. ಮೂರು ದಿನ ನಡೆಯುತ್ತದೆ, ನಾಲ್ಕನೇ ದಿನ ಕೈಕೊಡುತ್ತದೆ. ಆಮೇಲೆ ಡೈರಿಯಲ್ಲಿ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ. ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಹೇಗೆ? ಮೊದಲು ನಿನ್ನನ್ನು ನೀನು ಒಪ್ಪಿಕೋ ಅಂತಾರೆ. ಒಪ್ಪಿಕೊಂಡುಬಿಟ್ಟರೆ ಇನ್ನಷ್ಟು ಸೋಮಾರಿ ಆಗಲ್ವಾ?’ ಪತ್ರದ ಜೊತೆ ಡೈರಿಯ ಎರಡು ಪುಟಗಳ ಜೆರಾಕ್ಸ್ ಕೂಡ ಇಟ್ಟಿದ್ದಾರೆ.

ಪ್ರಿಯ ಗೆಳೆಯರೇ,

ನಿಮ್ಮ ಪತ್ರಕ್ಕಿಂತ ಆ ಎರಡು ಪುಟಗಳನ್ನೇ ಜಾಸ್ತಿ ಸಲ ಓದಿದೆ. ‘ಇವತ್ತೂ ಹಾಳು. ನಾನು ಯಾವುದಕ್ಕೂ ಲಾಯಕ್ಕಿಲ್ಲ’ ಅಂತ ಒಂದು ಪುಟ. ‘ನನ್ನಂಥವನ ಕೈಲಿ ಏನೂ ಆಗಲ್ಲ’ ಅಂತ ಇನ್ನೊಂದು. ಎಷ್ಟು ಗಂಟೆಗೆ ಎದ್ದಿರಿ, ಏನು ಓದಿದಿರಿ, ಎಲ್ಲಿ ತಪ್ಪಿತು ಅಂತ ಹುಡುಕಿದೆ. ಒಂದು ಸಾಲೂ ಸಿಗಲಿಲ್ಲ. ಇದನ್ನು ನೀವು ಪ್ರಾಮಾಣಿಕತೆ ಅಂದುಕೊಂಡಿದ್ದೀರಿ. ನನಗೆ ಹಾಗನ್ನಿಸಲಿಲ್ಲ. ಲೆಕ್ಕ ನೋಡುವ ಮೊದಲೇ ನೀವು ತೀರ್ಪು ಬರೆದುಬಿಟ್ಟಿದ್ದೀರಿ.

ನಮ್ಮಪ್ಪ ಊರಲ್ಲಿ ಸಣ್ಣ ಕಿರಾಣಿ ಅಂಗಡಿ ಇಟ್ಟಿದ್ದರು. ರಾತ್ರಿ ಬಾಗಿಲು ಹಾಕಿದ ಮೇಲೆ ಕಿರ್ದಿ ಬರೆಯಲು ಕೂರುತ್ತಿದ್ದರು. ಕೆಂಪು ಬಟ್ಟೆ ಹೊದಿಸಿದ ಉದ್ದನೆಯ ಪುಸ್ತಕ. ಒಂದು ಮಳೆಗಾಲ ಬೆಲ್ಲದ ಪೆಂಟೆಗಳು ಥಂಡಿ ಹಿಡಿದು ಕರಗಿದವು. ಪಾಕ ಅಟ್ಟದಿಂದ ಸೋರಿ ಅಕ್ಕಿ ಮೂಟೆಯ ಮೇಲೆಲ್ಲ ಹರಿದಿತ್ತು, ಇರುವೆ ಮುತ್ತಿದ್ದವು. ಅಮ್ಮ ತಲೆ ಮೇಲೆ ಕೈ ಹೊತ್ತು ಕೂತಳು. ಅವತ್ತು ರಾತ್ರಿ ಅಪ್ಪ ಬರೆದದ್ದು ಇಷ್ಟೇ: ‘ಬೆಲ್ಲ ನೀರು ಬಿಟ್ಟಿತು. 6 ಕೆ.ಜಿ. ನಷ್ಟ. ಅಟ್ಟದ ಮೇಲಿನ ಹೆಂಚು ಒಡೆದಿದೆ.’ ಮಾರನೇ ದಿನ ಏಣಿ ಹಾಕಿ ಹೆಂಚು ಬದಲಾಯಿಸಿದರು. ‘ನಾನು ವ್ಯಾಪಾರಕ್ಕೆ ನಾಲಾಯಕ್’ ಅಂತ ಆ ಪುಸ್ತಕದ ಯಾವ ಪುಟದಲ್ಲೂ ಇಲ್ಲ. ಹಾಗೆ ಬರೆದು ಮಲಗಿದ್ದರೆ ಹೆಂಚು ಒಡೆದೇ ಇರುತ್ತಿತ್ತು.

ಒಪ್ಪಿಕೊಳ್ಳುವುದು ಅಂದರೆ ನಾನು ತಿಳಿದುಕೊಂಡಿರುವುದು ಇದನ್ನೇ. ಹೆಂಚು ಒಡೆದಿದೆ ಅಂತ ಒಪ್ಪಿಕೊಳ್ಳುವುದು. ಅದರಿಂದ ಸೋಮಾರಿತನ ಬರಲ್ಲ. ‘ಲಾಯಕ್ಕಿಲ್ಲ’ ಅಂತ ಬರೆದುಕೊಂಡಾಗಲೇ ಬರುವುದು. ಲಾಯಕ್ಕಿಲ್ಲದವನು ನಾಳೆ ಯಾಕೆ ಏಳಬೇಕು ಹೇಳಿ?

ಈಗ ನಿಮ್ಮದೇ ಲೆಕ್ಕ ನೋಡೋಣ. ಹನ್ನೆರಡಕ್ಕೆ ಮಲಗಿ ನಾಲ್ಕೂವರೆಗೆ ಎದ್ದರೆ ನಿದ್ದೆ ನಾಲ್ಕೂವರೆ ಗಂಟೆ. ದೊಡ್ಡವರ ಮೈಗೆ ಏಳು ಗಂಟೆಯಾದರೂ ಬೇಕು. ಮೂರು ರಾತ್ರಿಗೆ ಏಳೂವರೆ ಗಂಟೆ ಸಾಲವಾಯಿತು. ನಾಲ್ಕನೇ ದಿನ ಮೈ ಆ ಸಾಲ ವಸೂಲಿ ಮಾಡುತ್ತದೆ. ನಿಮ್ಮ ಸ್ವಭಾವದ ದೋಷ ಅಂತ ನೀವು ಬೈದುಕೊಂಡಿದ್ದು ಬರೀ ಕೂಡಿಸಿ ಕಳೆಯುವ ಲೆಕ್ಕ. ಎದ್ದ ಹೊತ್ತು, ಮಲಗಿದ ಹೊತ್ತು ಎರಡನ್ನೂ ಬರೆದಿದ್ದರೆ ಎರಡು ವಾರದಲ್ಲಿ ನಿಮಗೇ ಗೊತ್ತಾಗುತ್ತಿತ್ತು.

ಕ್ರಿಕೆಟ್ ನೋಡುತ್ತೀರೋ ಇಲ್ಲವೋ, ರಾಹುಲ್ ದ್ರಾವಿಡ್ ಅವರ ಒಂದು ಲೆಕ್ಕ ಹೇಳಲೇಬೇಕು. ಟೆಸ್ಟ್ ಮತ್ತು ಏಕದಿನ ಸೇರಿ ಅವರು ಆಡಿದ ಇನಿಂಗ್ಸ್ 604. ಅದರಲ್ಲಿ 410 ಸಲ 50 ರನ್ ಆಗಲಿಲ್ಲ. ಮೂರರಲ್ಲಿ ಎರಡು ಸಲ! ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ ಅಂತ ಈ ಲೆಕ್ಕವನ್ನು ಅವರೇ ಜನರ ಮುಂದೆ ಹೇಳಿಕೊಂಡಿದ್ದಾರೆ. ನಾಚಿಕೆ ಇಲ್ಲ, ಅಳು ಇಲ್ಲ. ಟೆಸ್ಟ್‌ನಲ್ಲಿ ಅವರು ಎದುರಿಸಿದ ಚೆಂಡುಗಳು 31,258. ಬೇರೆ ಯಾರೂ ಅಷ್ಟು ಚೆಂಡು ಆಡಿಲ್ಲ. 2008ರ ಜನವರಿಯಲ್ಲಿ ಸಿಡ್ನಿಯಲ್ಲಿ 18 ರನ್‌ಗೆ ಬಂದು ನಿಂತುಬಿಟ್ಟರು. 40 ಚೆಂಡು ಕಳೆದರೂ ಒಂದು ರನ್ ಇಲ್ಲ. ಇನ್ನೊಂದು ತುದಿಯಲ್ಲಿ ಲಕ್ಷ್ಮಣ್ ಸಲೀಸಾಗಿ ಬಾರಿಸುತ್ತಿದ್ದರು. ಕೊನೆಗೆ ಒಂದು ರನ್ ಬಂದಾಗ ಇಡೀ ಮೈದಾನ ಚಪ್ಪಾಳೆ ತಟ್ಟಿತು. ದ್ರಾವಿಡ್ ಬ್ಯಾಟ್ ಎತ್ತಿ ತೋರಿಸಿದರು. ಆಮೇಲೆ 53ರ ತನಕ ಹೋದರು. ಆ 40 ಚೆಂಡುಗಳ ಹೊತ್ತು ನಾನು ಆಗಾಗ ನೆನೆಯುತ್ತೇನೆ. ಪ್ರತಿ ಚೆಂಡಿಗೂ ‘ನಾನು ನಾಲಾಯಕ್’ ಅಂದುಕೊಂಡಿದ್ದರೆ ಮುಂದಿನ ಚೆಂಡು ಕಣ್ಣಿಗೆ ಕಾಣಿಸುತ್ತಿತ್ತಾ?

ನಾಲ್ಕೂವರೆಯ ಹಟ ಬಿಡಿ. ಹನ್ನೊಂದಕ್ಕೆ ಮಲಗಿ ಆರಕ್ಕೆ ಏಳಿ. ಒಂದು ತಿಂಗಳು ಅದೊಂದನ್ನೇ ಹಿಡಿಯಿರಿ. ಮಲಗುವ ಮುಂಚೆ ಮೂರೇ ಸಾಲು ಬರೆಯಿರಿ: ಏನು ಮಾಡಿದೆ, ಏನು ತಪ್ಪಿತು, ಯಾಕೆ ತಪ್ಪಿತು. ‘ನಾನು ಇಂಥವನು’ ಅಂತ ಶುರುವಾದ ಸಾಲನ್ನು ಅಲ್ಲೇ ಹೊಡೆದುಹಾಕಿ. ಒಂದು ದಿನ ತಪ್ಪಿದರೆ ತಪ್ಪಿದ್ದನ್ನು ಬರೆದು ಮಾರನೇ ದಿನ ಆರಕ್ಕೇ ಏಳಿ. ದಂಡ ಅಂತ ಐದಕ್ಕೆ ಏಳಬೇಡಿ. ನಾನೂ ಆ ದಂಡದ ಆಟ ಆಡಿ ಕೈಸುಟ್ಟುಕೊಂಡವನು.

ಇನ್ನೊಂದು ಮಾತು. ವಾರಗಟ್ಟಲೆ ನಿದ್ದೆ, ಊಟ ಸೇರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಡೈರಿಯ ಮೇಲೆ ಭಾರ ಹಾಕಬೇಡಿ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ್ದೇ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಎರಡನೇ ಪುಟದ ಅಂಚಿನಲ್ಲಿ, ಅಡ್ಡಡ್ಡವಾಗಿ, ಪೆನ್ಸಿಲ್‌ನಲ್ಲಿ ಸಣ್ಣಗೆ ಏನೋ ಗೀಚಿದ್ದೀರಿ. ಭೂತಗನ್ನಡಿ ಹಿಡಿದು ಓದಿದೆ. ರೂಮ್‌ಮೇಟ್‌ಗೆ ಜ್ವರ, ಆಸ್ಪತ್ರೆ, ರಾತ್ರಿ 2 ಗಂಟೆ, ಆಟೋ 180 ರೂಪಾಯಿ. ಮಾರನೇ ದಿನ ಬೆಳಿಗ್ಗೆ ಏಳಲಿಲ್ಲ ಅಂತ ಅದೇ ಪುಟದ ತುಂಬ ಬೈದುಕೊಂಡಿದ್ದೀರಿ. ಆಟೋ ಖರ್ಚು ಬರೆದಿರಿ. ಗೆಳೆಯನನ್ನು ಕರೆದುಕೊಂಡು ಹೋಗಿದ್ದನ್ನು ಎಲ್ಲೂ ಜಮಾ ಮಾಡಲೇ ಇಲ್ಲ. ಇವತ್ತು ರಾತ್ರಿ ಆ ಪುಟ ತೆಗೆದು, ಪೆನ್ನಿನಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯಿರಿ.

- ಸಂಪಾದಕ