ನೆಗೆಟಿವ್ ಬಿಸಿಯಾದ ಮೇಲೆ ಫೋಕಸ್: ಲೇಖಕರೊಬ್ಬರಿಗೆ ಉತ್ತರ

ಮಾನ್ಯರೇ,

ನೆಗೆಟಿವಿನ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಎನ್‌ಲಾರ್ಜರಿನ ದೀಪದ ಶಾಖವನ್ನು ಕುರಿತ ನಿಮ್ಮ ಲೇಖನ ತಲುಪಿದೆ. ಭಾಷೆ ಸ್ವಚ್ಛವಾಗಿದೆ, ರೇಖಾಚಿತ್ರಗಳು ಅಚ್ಚುಕಟ್ಟಾಗಿವೆ. ಆದರೆ ಅದರಲ್ಲಿನ ಎರಡು ವಾಕ್ಯಗಳನ್ನು ಓದಿ ನನಗೆ ನಿಜಕ್ಕೂ ಸಿಟ್ಟು ಬಂದಿತು.

ಮೊದಲನೆಯದು: “ಫೋಕಸ್ ಮಾಡಿದ ಬಳಿಕ ದೀಪ ಆರಿಸಿ, ನೆಗೆಟಿವ್ ಪೂರ್ತಿ ತಣಿದ ಮೇಲೆ ಎಕ್ಸ್‌ಪೋಷರ್ ಕೊಡಬೇಕು.” ನೀವು ಫೋಕಸ್ ಮಾಡಿದ್ದು ಬಿಸಿಯಾಗಿದ್ದ ನೆಗೆಟಿವಿಗೆ. ಗಾಜಿಲ್ಲದ ಕ್ಯಾರಿಯರಿನಲ್ಲಿ, ಅಂದರೆ ನೆಗೆಟಿವ್ ಹಿಡಿಯುವ ಚೌಕಟ್ಟಿನಲ್ಲಿ, ಅಂಚುಗಳಷ್ಟೇ ಹಿಡಿತದಲ್ಲಿರುವ 35 ಮಿ.ಮೀ. ಫಿಲ್ಮು ಶಾಖಕ್ಕೆ ನಡುವೆ ಉಬ್ಬುತ್ತದೆ, ತಣಿದಾಗ ಇಳಿಯುತ್ತದೆ. ತಣಿದ ಫಿಲ್ಮಿಗೆ 20 ಸೆಕೆಂಡು ಬೆಳಕು ಕೊಟ್ಟರೆ ಅದು ಎಕ್ಸ್‌ಪೋಷರಿನ ಮಧ್ಯದಲ್ಲೇ ಮತ್ತೆ ಉಬ್ಬಬಹುದು. ಆಗ ಮೂಲೆಗಳಲ್ಲಿ ಗ್ರೇನ್ (ಫಿಲ್ಮಿನ ಸಣ್ಣ ಕಣಗಳು) ಚುರುಕಾಗಿದ್ದು, ನಡುವಿನ ಮುಖ ಮಸುಕಾಗುತ್ತದೆ.

ನಾನು ಕೆಲಸ ಕಲಿತ ಸ್ಟುಡಿಯೋದ ಹಿರಿಯ ಪ್ರಿಂಟರ್ ಇದನ್ನು ಬಾಯಿಮಾತಿನಲ್ಲಿ ಹೇಳಲಿಲ್ಲ. ದೀಪ ಹಾಕಿದೊಡನೆ ಫೋಕಸ್ ಮಾಡಿಸಿ, ಆ ಕಣಗಳನ್ನು ದೊಡ್ಡದಾಗಿ ತೋರಿಸುವ ಗ್ರೇನ್ ಫೋಕಸರಿನಿಂದ ಕಣ್ಣು ತೆಗೆಯಬೇಡ ಎಂದರು. ಚುರುಕಾಗಿದ್ದ ಗ್ರೇನ್ ನೋಡನೋಡುತ್ತಲೇ ಕರಗಿತು. ಅವರು ಫಿಲ್ಮು ಉಬ್ಬುವವರೆಗೆ ಕಾದು, ಆಮೇಲೆ ಫೋಕಸ್ ಮಾಡಿ, ದೀಪ ಆರಿಸದೆಯೇ ಲೆನ್ಸಿನ ಕೆಳಗೆ ಕೆಂಪು ಫಿಲ್ಟರ್ ತಂದು, ಕೆಂಪು ಬೆಳಕು ತಾಗದ ಬ್ರೋಮೈಡ್ ಕಾಗದ (ಪ್ರಿಂಟಿನ ಕಾಗದ) ಇಡುತ್ತಿದ್ದರು. ನಂತರ ಕಪ್ಪು ರಟ್ಟನ್ನು ಅಡ್ಡ ಹಿಡಿದು ಫಿಲ್ಟರ್ ಸರಿಸಿ, ಅದರ ಅದುರು ನಿಂತ ಮೇಲಷ್ಟೇ ರಟ್ಟು ತೆಗೆದು ಸೆಕೆಂಡುಗಳನ್ನು ಎಣಿಸುತ್ತಿದ್ದರು. ಅಪರ್ಚರ್, ಅಂದರೆ ಲೆನ್ಸಿನ ಬೆಳಕಿನ ರಂಧ್ರ, ಎಫ್ 8ಕ್ಕೆ ಇಳಿಸಿದರೆ ಸಣ್ಣ ವ್ಯತ್ಯಾಸ ಮರೆಯಾಗುತ್ತದೆ, ದೊಡ್ಡದು ಮರೆಯಾಗದು.

ಗಾಜಿನ ಕ್ಯಾರಿಯರನ್ನು ನೀವು “ಧೂಳಿನ ಕಾಟ” ಎಂದು ಅರ್ಧ ವಾಕ್ಯದಲ್ಲಿ ತಳ್ಳಿಹಾಕಿದ್ದೀರಿ. ಫಿಲ್ಮು ಎರಡು ಗಾಜುಗಳ ನಡುವೆ ಕೂರುವುದರಿಂದ ಒರೆಸಬೇಕಾದ ಮೈಗಳು ಎರಡರಿಂದ ಆರಕ್ಕೆ ಏರುವುದು ನಿಜ. ಆದರೂ ದೊಡ್ಡ ಪ್ರಿಂಟಿಗೆ, ದೀರ್ಘ ಎಕ್ಸ್‌ಪೋಷರಿಗೆ ಫಿಲ್ಮನ್ನು ಸಮತಟ್ಟಾಗಿ ಹಿಡಿಯುವ ಖಚಿತ ದಾರಿ ಅದೇ. ಫಿಲ್ಮಿನ ಹೊಳಪು ಮೈಗೆ ತಾಗುವ ಮೇಲಿನ ಗಾಜು ಸ್ವಲ್ಪ ತರಿಯಾಗಿದ್ದರೆ ಗಾಜೂ ಫಿಲ್ಮೂ ತಾಗುವಲ್ಲಿ ಬಳೆಗಳಂತೆ ಮೂಡುವ ನ್ಯೂಟನ್ ಉಂಗುರಗಳ ತೊಂದರೆಯೂ ತಪ್ಪುತ್ತದೆ.

ಎರಡನೆಯದು ಇನ್ನೂ ಕೆಟ್ಟದ್ದು: “ಬೆಳಕು ಸೋರದಂತೆ ಲ್ಯಾಂಪ್‌ಹೌಸಿನ ಕಿಂಡಿಗಳಿಗೆ ಕಪ್ಪು ಬಟ್ಟೆ ಸುತ್ತಿರಿ.” ಲ್ಯಾಂಪ್‌ಹೌಸ್, ಅಂದರೆ ದೀಪದ ಗೂಡಿನೊಳಗಿನ 150 ವ್ಯಾಟಿನ ಓಪಲ್ (ಹಾಲುಬಿಳಿ ಗಾಜಿನ) ಬಲ್ಬು ಬೆಳಕಿಗಿಂತ ಎಷ್ಟೋ ಪಾಲು ಹೆಚ್ಚು ಶಾಖವನ್ನೇ ಕೊಡುತ್ತದೆ, ಆ ಕಿಂಡಿಗಳಿರುವುದು ಬಿಸಿಗಾಳಿ ಹೊರಹೋಗಲೆಂದೇ. ಅವನ್ನು ಮುಚ್ಚಿದರೆ ಹೋಲ್ಡರು, ವೈರು, ಬೆಳಕನ್ನು ನೆಗೆಟಿವಿನ ಮೇಲೆ ಕೂಡಿಸುವ ಕಂಡೆನ್ಸರು ಎಲ್ಲವೂ ಕಾಯುತ್ತವೆ, ಬಟ್ಟೆಗೆ ಬೆಂಕಿಯೂ ಹತ್ತೀತು. ಕಿಂಡಿಯಿಂದ ತುಸು ದೂರದಲ್ಲಿ, ಕಪ್ಪು ಬಣ್ಣ ಬಳಿದ ತಗಡನ್ನು ಬಾಗಿಸಿ ನಿಲ್ಲಿಸಬೇಕು: ಗಾಳಿ ಬಳಸಿಕೊಂಡು ಹೋಗುತ್ತದೆ, ಬೆಳಕು ತಗಡಿನಲ್ಲೇ ತಡೆದು ನಿಲ್ಲುತ್ತದೆ. ದೀಪಕ್ಕೂ ಕಂಡೆನ್ಸರಿಗೂ ನಡುವೆ ಇಡುವ ಶಾಖ ಹೀರುವ ಗಾಜನ್ನು ನೀವು ಹೆಸರಿಸಿಯೂ ಇಲ್ಲ.

ಒಂದೇ ನೆಗೆಟಿವಿನಿಂದ ಎರಡು ಪ್ರಿಂಟು ತೆಗೆಯಿರಿ, ಒಂದು ನಿಮ್ಮ ವಿಧಾನದಲ್ಲಿ, ಇನ್ನೊಂದು ಬಿಸಿಯಾಗಲು ಬಿಟ್ಟು. ಬಲ್ಬಿನ ವ್ಯಾಟ್, ಕಾದ ಸಮಯ, ಅಪರ್ಚರ್ ಇವಿಷ್ಟನ್ನು ಹಿಂಬದಿಯಲ್ಲಿ ಬರೆದು, ತಿದ್ದಿದ ಲೇಖನದ ಜೊತೆ ಕಳುಹಿಸಿ, ಎರಡನ್ನೂ ಪ್ರಕಟಿಸುತ್ತೇನೆ.