ಕರಿಕಲ್ಲಿನ ಮೂಲ ಹುಡುಕುವ ಮೊದಲು

ಪ್ರಶ್ನೆ: ಪಶ್ಚಿಮ ಘಟ್ಟದ ಎರಡು ಕಡೆಯಿಂದ ತಂದ ಡೆಕ್ಕನ್ ಬಸಾಲ್ಟನ್ನು (ಲಾವಾ ಆರಿ ಆದ ಕರಿಕಲ್ಲನ್ನು) ಪರೀಕ್ಷೆ ಮಾಡಿಸಿದೆ. ಸ್ಟ್ರಾನ್ಷಿಯಂ ಧಾತುವಿನ 87, 86 ಎಂಬ ಎರಡು ಐಸೊಟೋಪುಗಳ ಅನುಪಾತ ಒಂದರಲ್ಲಿ 0.7045, ಇನ್ನೊಂದರಲ್ಲಿ 0.715. ಇವು ಮ್ಯಾಂಟಲ್‌ನ, ಅಂದರೆ ಭೂಚಿಪ್ಪಿನ ಕೆಳಗಿನ ಪದರದ, ಎರಡು ಬೇರೆ ಬೇರೆ ಮೂಲಗಳಿಂದ ಬಂದವೇ?

ಉತ್ತರ: ಅಷ್ಟರಿಂದಲೇ ಹಾಗೆ ಹೇಳಲಾಗದು. ಪ್ರತಿ ವರ್ಷವೂ ಯಾರಾದರೂ ಇದನ್ನೇ ಕೇಳುತ್ತಾರೆ. ಪ್ರತಿ ಸಲವೂ ನಡುವಿನ ಭೂಚಿಪ್ಪನ್ನು ಮರೆತಿರುತ್ತಾರೆ. ವಯಸ್ಸಿನ ತಿದ್ದುಪಡಿ (ಕಲ್ಲು ಗಟ್ಟಿಯಾದ ಮೇಲೆ ಕ್ಷಯದಿಂದ ಸೇರಿದ ಸ್ಟ್ರಾನ್ಷಿಯಂ 87 ಅನ್ನು ಕಳೆಯುವುದು) ಮಾಡಿದ್ದೀರಿ ಎಂದುಕೊಂಡೇ ಮುಂದುವರಿಯುತ್ತೇನೆ.

ಡೆಕ್ಕನ್ ಲಾವಾ ಉಕ್ಕಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ದಕ್ಷಿಣ ಭಾಗದಲ್ಲಿ ಅದು ತೂರಿ ಬಂದದ್ದು 250 ಕೋಟಿ ವರ್ಷಕ್ಕೂ ಹಳೆಯ ಗ್ರಾನೈಟ್, ನೈಸ್ ಬಂಡೆಗಳ ನಡುವೆ. ಅವುಗಳಲ್ಲಿ ರುಬಿಡಿಯಂ ಹೇರಳ. ಅದು ಕ್ಷಯಿಸಿ ಸ್ಟ್ರಾನ್ಷಿಯಂ 87 ಆಗಿ ಶೇಖರವಾಗಿದೆ. ಮೇಲೇರುವ ಬಿಸಿ ಶಿಲಾಪಾಕ (ಕರಗಿದ ಕಲ್ಲು) ಆ ಹಳೆಯ ಬಂಡೆಗಳ ಗೋಡೆಯನ್ನು ಸ್ವಲ್ಪ ಕರಗಿಸಿಕೊಂಡರೂ ಅನುಪಾತ ಏರಿಬಿಡುತ್ತದೆ. ಪಶ್ಚಿಮ ಘಟ್ಟದ ಲಾವಾ ಪದರಗಳಲ್ಲಿ ಅಂಬೇನಳಿ ಎಂಬ ಪದರದ ಲಾವಾದಲ್ಲಿ ಈ ಕಲಬೆರಕೆ ಅತಿ ಕಡಿಮೆ, ಬುಶೆ ಪದರದಲ್ಲಿ ಅತಿ ಹೆಚ್ಚು. ನಿಮ್ಮ ಎರಡು ಕಲ್ಲುಗಳ ನಡುವಿನ ಅಂತರವೂ ಇದೇ ಬಗೆಯದು.

ಸ್ಟ್ರಾನ್ಷಿಯಂ ಒಂದನ್ನೇ ಹಿಡಿದು ಕೂರಬೇಡಿ. ನಿಯೋಬಿಯಂ ನೋಡಿ: ಭೂಚಿಪ್ಪಿನಲ್ಲಿ ಥೋರಿಯಂ, ಲ್ಯಾಂಥನಂಗಳಿಗೆ ಹೋಲಿಸಿದರೆ ಅದು ಕಡಿಮೆ. ಸ್ಟ್ರಾನ್ಷಿಯಂ ಅನುಪಾತ ಏರಿದಂತೆಲ್ಲ ನಿಯೋಬಿಯಂ–ಲ್ಯಾಂಥನಂ ಅನುಪಾತ ಇಳಿಯುತ್ತಿದ್ದರೆ ಮೊದಲು ಭೂಚಿಪ್ಪನ್ನೇ ಶಂಕಿಸಿ. ಮೆಗ್ನೀಸಿಯಂ ಹೆಚ್ಚಿದೆ, ಆದ್ದರಿಂದ ಕಲ್ಲು ಶುದ್ಧ ಎಂಬ ತರ್ಕವನ್ನೂ ಬಿಡಿ. ಮೆಗ್ನೀಸಿಯಂ ಹೆಚ್ಚಿದ್ದಷ್ಟೂ ಶಿಲಾಪಾಕ ಬಿಸಿ; ಹೆಚ್ಚು ಬಿಸಿಯಾದ ಶಿಲಾಪಾಕವೇ ಗೋಡೆಯನ್ನು ಹೆಚ್ಚು ಕರಗಿಸಬಲ್ಲದು.

ಶುದ್ಧ ಮಾದರಿ ಸಿಕ್ಕ ಮೇಲೆಯೇ ಮ್ಯಾಂಟಲ್ ಮಾತು. ಆಳದಲ್ಲಿ ಕರಗುವಾಗ ಗಾರ್ನೆಟ್ ಖನಿಜ ಯಿಟರ್ಬಿಯಂನಂಥ ಭಾರದ ವಿರಳ ಭಸ್ಮ ಧಾತುಗಳನ್ನು ಬಿಗಿಹಿಡಿಯುತ್ತದೆ; ಲಾವಾದಲ್ಲಿ ಅವು ಕಡಿಮೆಯಿದ್ದರೆ ಕರಗಿದ ಆಳದ ಸುಳಿವು ಸಿಗುತ್ತದೆ. ಡೆಕ್ಕನ್ ಲಾವಾ ಹುಟ್ಟಿದ್ದು ಈಗ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗಿರುವ ಬಿಸಿತಾಣದಿಂದ (ಮ್ಯಾಂಟಲ್‌ನಿಂದ ಬಿಸಿ ಶಿಲೆ ಮೇಲೇಳುವ ಜಾಗದಿಂದ) ಎಂಬ ವಾದವಿದೆ. ಆದರೂ ಅಂಬೇನಳಿಯ ಲಾವಾ ಇಂದಿನ ರಿಯೂನಿಯನ್ ಲಾವಾದ ಪಡಿಯಚ್ಚಲ್ಲ. ‘ರಿಯೂನಿಯನ್ ಬಿಸಿತಾಣ’ ಎಂದು ಬರೆದು ಲೇಖನಿ ಕೆಳಗಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇನ್ನೊಂದು ಮಾತು. ಕಲ್ಲಿನ ಕಂದು ಸಿಪ್ಪೆಯನ್ನೂ ಜಿಯೊಲೈಟ್ (ಲಾವಾದ ಗುಳ್ಳೆಗಳಲ್ಲಿ ಆಮೇಲೆ ಬೆಳೆದ ಖನಿಜ) ತುಂಬಿದ ಬಿಳಿ ಗುಳಿಗಳನ್ನೂ ತೆಗೆದಿದ್ದೀರಾ? ಸುತ್ತಿಗೆಯ ಉಕ್ಕಿನ ಗೆರೆಗಳನ್ನು ಉಜ್ಜಿದ್ದೀರಾ? ಟಂಗ್‌ಸ್ಟನ್ ಕಾರ್ಬೈಡ್ ಯಂತ್ರದಲ್ಲಿ ಪುಡಿ ಮಾಡಿಸಿದ್ದರೆ ಕೋಬಾಲ್ಟ್, ಟ್ಯಾಂಟಲಂ ಅಂಕಿಗಳನ್ನು ನನಗೆ ಕಳಿಸಬೇಡಿ; ಅವು ಯಂತ್ರದಿಂದಲೇ ಪುಡಿಗೆ ಸೇರುತ್ತವೆ. ಹೊಸ ತುಂಡನ್ನು ಅಗೇಟ್ ಕಲ್ಲಿನ ಒರಳಿನಲ್ಲಿ ಅರೆಸಿ.

ಪ್ರಶ್ನೆ: ಜಿಯೊಲೈಟ್ ಹರಳು ಮನೆಯಲ್ಲಿಟ್ಟರೆ ಕಾಯಿಲೆ ವಾಸಿಯಾಗುತ್ತದೆಯೇ?

ಉತ್ತರ: ಇಲ್ಲ. ಹಾಗೆ ಹೇಳಿ ಮಾರುವವನು ಮೋಸಗಾರ. ವೈದ್ಯರ ಬಳಿ ಹೋಗಿ.

ಪ್ರಶ್ನೆ: ಮಹಾರಾಷ್ಟ್ರದ ಲೋಣಾರ್ ಸರೋವರ ಜ್ವಾಲಾಮುಖಿಯ ಬಾಯಿಯೇ?

ಉತ್ತರ: ಅಲ್ಲ, ಬಸಾಲ್ಟಿನ ಮೇಲೆ ಉಲ್ಕೆ ಬಡಿದ ಕುಳಿ.

ಪ್ರಶ್ನೆ: ಮಲ್ಪೆಯ ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳು ಡೆಕ್ಕನ್ ಬಸಾಲ್ಟೇ?

ಉತ್ತರ: ಡೆಕ್ಕನ್ನೂ ಅಲ್ಲ, ಬಸಾಲ್ಟೂ ಅಲ್ಲ. ಅದು ಸಿಲಿಕಾ ಹೆಚ್ಚಿರುವ, ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದ, ಸುಮಾರು 9 ಕೋಟಿ ವರ್ಷ ಹಳೆಯ ಲಾವಾ.